ಎಸೆದ ವರ್ಷಗಳು

ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯ ಮಗಳು ಗುರುಬಾಯಿ ಜಮಖಂಡಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ೧೯೯೭ರಿಂದ ಪ್ರತಿ ಬೇಸಿಗೆ, ಪ್ರತಿ ಮಳೆಗಾಲ ಬೀಳಗಿ ಬಸ್ಸು ಹತ್ತಿ ಹೊಳೆದಂಡೆಯ ಒಂದು ಪೇರಲ ತೋಟಕ್ಕೆ ಹೋಗುವಳು. ಕೊಳೆತ ಬಾಳೆಹಣ್ಣಿನ ಆಸೆ ತೋರಿಸಿ ಹಣ್ಣಿನ ನೊಣ ಹಿಡಿದು, ಸ್ಪಿರಿಟ್ಟಿನ ಬಾಟಲಿಗೆ ಹಾಕಿ, ಇಸವಿ ಬರೆದು ಕಾಲೇಜಿನ ಕಪಾಟಿನಲ್ಲಿಡುವಳು.

ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಕ್ಕೆ ತನ್ನದೇ ಡಿಎನ್‌ಎ ಇದೆ. ಮರಿಗಳಿಗೆ ಅದು ಬರುವುದು ತಾಯಿಯಿಂದ. ಒಂದೇ ತೋಟದ ನೊಣಗಳಲ್ಲಿ ಹೀಗೆ ತಾಯಿಯಿಂದ ಮಗಳಿಗೆ ಇಳಿದುಬಂದ ವಂಶಗಳು, ತಾಯಿಬಳ್ಳಿಗಳು, ಹಲವು. ವರ್ಷಗಳು ಉರುಳಿದಂತೆ ಯಾವುದು ಹಬ್ಬುತ್ತದೆ, ಯಾವುದು ಅಳಿಯುತ್ತದೆ ಎಂದು ತಿಳಿಯಬೇಕಿತ್ತು ಅವಳಿಗೆ. ಕೆಲವು ವರ್ಷಕ್ಕೆ ಅಣೆಕಟ್ಟಿನ ಹಿನ್ನೀರು ಏರಿ ತೋಟ ಮುಳುಗಿದ ಮೇಲೂ ಬಿಡಲಿಲ್ಲ. ಮೇಲಿನ ದಿಬ್ಬದ ತೋಟದಲ್ಲಿ ಹಿಡಿಯತೊಡಗಿದಳು.

೨೦೦೬ರಲ್ಲಿ ಕಾಲೇಜಿಗೆ ತಪಾಸಣಾ ತಂಡ ಬರುವುದಿತ್ತು. ತವರಿನ ಮದುವೆ ಮುಗಿಸಿ ಗುರುಬಾಯಿ ಬಂದು ನೋಡಿದರೆ ಕಪಾಟಿನ ತುಂಬ ಬಹುಮಾನದ ಕಪ್ಪುಗಳು. ಪ್ರಿನ್ಸಿಪಾಲರು ಹೇಳಿದರೆಂದು ಬಾಟಲಿಗಳನ್ನೆಲ್ಲ ತಿಪ್ಪೆಗೆ ಸುರಿದದ್ದಾಗಿ ಜವಾನ ಯಲ್ಲಾಲಿಂಗ ತಲೆ ತಗ್ಗಿಸಿ ಹೇಳಿದ.

ಅವಳು ನೇರ ಪ್ರಿನ್ಸಿಪಾಲ ಶಿವಯೋಗೆಪ್ಪನವರ ಕೋಣೆಗೆ ನುಗ್ಗಿದಳು. ಅವರು ನಕ್ಕರು.

"ಸತ್ತ ನೊಣದ ಸಲುವಾಗಿ ಇಷ್ಟ್ಯಾಕ ಸಿಟ್ಟಾಗ್ತೀರಿ ಮೇಡಂ? ಬಜಾರದಾಗ ಬೇಕಾದಷ್ಟ ಅದಾವು, ಮತ್ತ ಹಿಡೀರಿ."

"ಇವತ್ತಿನ್ವು ಸಿಗ್ತಾವ್ರಿ ಸರ್. ತೊಂಬತ್ತೆಂಟರಾಗಿನ ನೊಣಾ ಎಲ್ಲಿಂದ ತರ್ಲಿ? ಅವಿದ್ದ ತ್ವಾಟನ ನೀರಾಗ ಹೋಗೈತಿ."

ಸೀರೆ ಎತ್ತಿ ಕಟ್ಟಿ ತಿಪ್ಪೆ ಕೆದರಿದಳು. ಗಾಜಿನ ಚೂರುಗಳು ಕೈ ಕೊಯ್ದವು. ಮೊದಲ ಕೆಲವು ವರ್ಷಗಳ ಬಾಟಲಿಗಳಷ್ಟೇ ಒಡೆಯದೆ ಸಿಕ್ಕವು. ಆಡಳಿತ ಮಂಡಳಿಗೆ ದೂರು ಕೊಟ್ಟಳು. ಇಂಥ ಸಣ್ಣ ವಿಷಯ ತರಬೇಡಿ ಎಂದರು. ಅಂದಿನಿಂದ ಸಿಕ್ಕ ಬಾಟಲಿಗಳೂ ಮೇಲಿನ ತೋಟದಲ್ಲಿ ಹೊಸದಾಗಿ ಹಿಡಿದ ನೊಣಗಳೂ ಅವಳ ಮನೆಯ ಫ್ರಿಡ್ಜಿನಲ್ಲಿ, ಮೊಸರಿನ ಪಾತ್ರೆಯ ಪಕ್ಕದಲ್ಲಿ ಉಳಿದವು.

ಕೆಲವು ವರ್ಷಗಳ ನಂತರ ಧಾರವಾಡದ ಗೆಳತಿಯೊಬ್ಬಳ ಪ್ರಯೋಗಾಲಯದಲ್ಲಿ ಡಿಎನ್‌ಎ ಓದಿಸಿದಳು. ಹಳೆಯ ತೋಟದಲ್ಲಿ ಧಾರಾಳವಾಗಿದ್ದ ಒಂದು ತಾಯಿಬಳ್ಳಿ ಹೊಸ ನೊಣಗಳಲ್ಲಿ ಒಂದರಲ್ಲೂ ಇರಲಿಲ್ಲ. ನೀರು ಬಂದಾಗ ಒಮ್ಮೆಲೇ ಹೋಯಿತೋ, ಮೇಲಿನ ತೋಟಕ್ಕೆ ಬಂದು ಮೆಲ್ಲಗೆ ಸವೆಯಿತೋ? ಅದನ್ನು ಹೇಳಬಲ್ಲ ನಡುವಿನ ವರ್ಷಗಳೇ ತಿಪ್ಪೆಗೆ ಹೋಗಿದ್ದವು.

ಕಾಲೇಜಿನ ಹೆಸರಿನಲ್ಲಿ ವರದಿ ಅಚ್ಚಾಗಲು ಶಿವಯೋಗೆಪ್ಪನವರ ಸಹಿ ಬೇಕಿತ್ತು. ನಡುವಿನ ಮಾದರಿಗಳು "ಅನಿವಾರ್ಯ ಕಾರಣಗಳಿಂದ" ಲಭ್ಯವಿಲ್ಲ ಎಂದು ಬರೆಯಿರಿ ಎಂದರು.

"ಅನಿವಾರ್ಯ ಏನಿತ್ರಿ ಅದರಾಗ? ನೀವ ಚೆಲ್ಲಿಸಿದ್ರಿ," ಎಂದು ಅವಳು ಕಾಗದ ಎತ್ತಿಕೊಂಡಳು.

ಕಾಲೇಜಿನ ಹೆಸರಿಲ್ಲದೆಯೇ, ಗೆಳತಿಯ ಮೂಲಕ ವರದಿ ಅಚ್ಚಾಯಿತು. ಮಾದರಿಗಳನ್ನು ಕಸವೆಂದು ಎಸೆಯಲಾಗಿತ್ತು ಎಂಬ ಸಾಲು ಅದರಲ್ಲಿದೆ. ಅದನ್ನು ಮೆತ್ತಗೆ ಮಾಡಲು ಗೆಳತಿಯೂ ಹೇಳಿ ನೋಡಿದ್ದಳು, ಗುರುಬಾಯಿ ಜಗ್ಗಲಿಲ್ಲ.