ನೋಡದೆ ನಂಬಿದ ಅಪ್ಪ

ಡಿಗ್ರಿಯ ಕೊನೆಯ ಪರೀಕ್ಷೆ ಮುಗಿದ ವಾರ, ಮಧ್ಯಾಹ್ನ ಮೂರೂಕಾಲಿಗೆ, ಕೊಳ್ಳೇಗಾಲದಲ್ಲಿ ಗೆಳತಿ ಸುಮಳ ಮನೆಯ ಹೊಸ್ತಿಲಿನಿಂದ ಎರಡು ಹೆಜ್ಜೆ ಒಳಗೆ ನಿಂತಿದ್ದೆ. ಗಾಜಿನ ಹೆಂಚಿನಿಂದ ಇಳಿದ ಬಿಸಿಲು ಅವಳಪ್ಪನ ಮಗ್ಗದ ರೇಷ್ಮೆಯ ಮೇಲೆ ನೀರಿನಂತೆ ತೇಲುತ್ತಿತ್ತು. ಯಾರು ಕರೆದರೂ ಅವರು ನೇಯ್ಗೆಯ ನಡುವೆ ಏಳುತ್ತಿರಲಿಲ್ಲ. "ತಡಿ ಮಗ, ಸೀರೆಗೆ ಗೀಟು ಬಿದ್ದೋಯ್ತದೆ" ಎನ್ನುತ್ತಿದ್ದರು.

ಯಾರೋ ಸುಮಳ ಮುಖವನ್ನು ಕೆಟ್ಟ ಚಿತ್ರವೊಂದಕ್ಕೆ ಅಂಟಿಸಿ ಕಾಲೇಜಿನ ಗ್ರೂಪಿಗೆ ಹಾಕಿದ್ದರು. "ಅಪ್ಪ ನೋಡುದ್ರೆ ನಾನು ಬದುಕಲ್ಲ ಕಣೇ" ಎಂದು ನನ್ನೊಡನೆ ಮನೆಗೆ ಬರುವ ದಾರಿಯುದ್ದಕ್ಕೂ ಅಂದಿದ್ದಳು.

ಅವಳ ಚಿಕ್ಕಪ್ಪನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಮಗ್ಗದ ಬಳಿ ನಿಂತು ಚಿತ್ರದ ವಿಷಯ ಹೇಳಿ, "ಫೋನ್ ಕೊಡ್ಸಿ ಮೆರಸ್ದಲ್ಲಣ್ಣ, ಈಗ ಕಿತ್ಕಂಡು ಒಲೆಗಾಕು!" ಎಂದು ಕೂಗಿದ.

ಸುಮಳ ಅಪ್ಪ ಲಾಳಿಯನ್ನು ಅರ್ಧದಲ್ಲೇ ಬಿಟ್ಟು ಎದ್ದರು. ಸುಮ ಫೋನು ಚಾಚಿದಳು. "ಅದು ನಾನಲ್ಲಪ್ಪ."

ಅವರು ಅವಳ ಬೆರಳುಗಳನ್ನು ಫೋನಿನ ಸುತ್ತ ಮೆಲ್ಲಗೆ ಮಡಿಸಿದರು. "ನಾನ್ಯಾಕವ್ವ ನೋಡ್ಲಿ? ಅಲ್ಲ ಅಂದ್ಯಲ್ಲ, ಸಾಕು. ಚಪ್ಲಿ ಮೆಟ್ಕ, ಪೊಲೀಸ್ ಸ್ಟೇಷನ್ನಿಗೆ ಓಗಮ."

ಒಳ್ಳೆಯ ಅಪ್ಪ ಅಂದರೆ ಹೇಗಿರಬೇಕೆಂದು ಗೆಳತಿಯರು ವಾದಿಸುವಾಗ ನಾನು ಈ ಮಧ್ಯಾಹ್ನವನ್ನು ಹೇಳುತ್ತೇನೆ. ಸುಮಳ ಅಪ್ಪ ಈಗಿಲ್ಲ, ಆ ಚಿಕ್ಕಪ್ಪನೂ ಇಲ್ಲ. ಅದನ್ನು ಕಣ್ಣಾರೆ ಕಂಡವರಲ್ಲಿ ಬದುಕಿರುವುದು ಇಬ್ಬರೇ: ನಾನು, ಮತ್ತು ಸುಮ.