ವೀರಗಲ್ಲಿನ ಅರಿಶಿನ

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ನಾನಾಗ ಹಲಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರು. ಭಾನುವಾರಗಳಂದು ದಂಡು ಪ್ರದೇಶದ ಚಿಕ್ಕ ಮ್ಯೂಸಿಯಂಗೆ ಹೋಗಿ, ಬಂದವರಿಗೆ ಅಲ್ಲಿನ ಕಲ್ಲು, ಕತ್ತಿ, ನಾಣ್ಯಗಳ ವಿಷಯ ಬಿಡಿಸಿ ಹೇಳುತ್ತಿದ್ದೆ. ಸಂಬಳವಿಲ್ಲದ ಕೆಲಸ. ಆದರೆ ನಾನು ಮಾತಾಡಿದರೆ ಜನ ಬಾಯಿ ಬಿಟ್ಟುಕೊಂಡು ಕೇಳುತ್ತಾರೆಂಬ ಜಂಬ ಮಾತ್ರ ಬೇಕಾದಷ್ಟಿತ್ತು.

ಒಂದು ಭಾನುವಾರ ಗಡಿಯಾರ ನೋಡದೆ ಹೊರಟು, ಬಾಗಿಲು ತೆರೆಯುವ ಮುಂಚೆಯೇ ತಲುಪಿಬಿಟ್ಟೆ. ಹಿಂಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಿಟಕಿಯ ಬಣ್ಣದ ಗಾಜಿನಿಂದ ಇಳಿದ ಎಳೆಬಿಸಿಲು, ಒದ್ದೆ ಕಲ್ಲಿನ ವಾಸನೆ, ಮರುಗದ ಪರಿಮಳ. ಕೃಷ್ಣರಾಜಪುರದಾಚೆಯ ಹಳ್ಳಿಯ ಏಳೆಂಟು ಜನ ವೀರಗಲ್ಲಿನ ಮುಂದೆ ಕೂತಿದ್ದರು. ಅವರೂರ ಕೆರೆ ಏರಿಯ ಮೇಲಿದ್ದ ಆ ಕಲ್ಲನ್ನು ಕೆಲವು ವರ್ಷಗಳ ಹಿಂದೆ ಇಲ್ಲಿಗೆ ತಂದು ನಿಲ್ಲಿಸಿದ್ದರು. ನಮಗೆ ಅದು ಹದಿನೇಳನೇ ನಂಬರು. ಅವರಿಗೆ, ಊರ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತ ಮುತ್ತಜ್ಜ. ಚೌಡಮ್ಮ ಎಂಬ ಮುದುಕಿ ಅವನ ಎದೆಗೆ ಅರಿಶಿನ ಹಚ್ಚುತ್ತಾ ಮನೆಯ ಸುದ್ದಿ ಹೇಳುತ್ತಿದ್ದಳು.

"ನಿನ್ ಮೊಮ್ಮಗ್ಳು ಬಸ್ರಿ ಕಣಪ್ಪ. ಗಂಡಾದ್ರೆ ನಿನ್ ಹೆಸ್ರೇ."

ನಾನು ಕನಸಿನೊಳಗೆ ಹೊಕ್ಕವಳ ಹಾಗೆ ನಿಂತುಬಿಟ್ಟೆ. ಕಲ್ಲಿನ ವೀರ ಹೂಂಗುಟ್ಟಿದನೆಂದೇ ಅನ್ನಿಸಿತು.

ಮ್ಯೂಸಿಯಂ ಜವಾನ ಮುನಿಯಪ್ಪ ನೀರಿನ ಬಿಂದಿಗೆ ಹಿಡಿದು ಬಂದವನು ನನ್ನನ್ನು ಕಂಡು ಬೆದರಿದ.

"ಅಮ್ಮಾವ್ರೇ, ಸಾಹೇಬ್ರಿಗೆ ಹೇಳ್ಬೇಡಿ, ಕೆಲ್ಸ ಹೋಗ್ಬಿಡ್ತದೆ. ಪೂಜೆ ಆದ್ಮೇಲೆ ನಾನೇ ತೊಳ್ದು ಒರೆಸ್ತೀನಿ. ಅವ್ರಜ್ಜನ್ನ ನಾವು ತಂದಿಟ್ಕೊಂಡು, ಮುಟ್ಬೇಡಿ ಅನ್ನೋಕಾಯ್ತದಾ?"

ಮುಟ್ಟಬೇಡಿ ಎಂದು ಪ್ರತಿ ಭಾನುವಾರ ಹತ್ತು ಸಲ ಹೇಳುತ್ತಿದ್ದವಳು ನಾನೇ. ಆದರೂ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ.

ವಾರವಾರವೂ ಪೂಜೆಗೆ ಬಂದವರು ಬಾಗಿಲು ತೆರೆದ ಮೇಲೂ ಉಳಿದು ಎಲ್ಲವನ್ನೂ ನೋಡಿಕೊಂಡು ಹೋಗುತ್ತಿದ್ದರು. ಸುತ್ತಲ ಹಳ್ಳಿಗಳಿಗೆ ಸುದ್ದಿ ಹಬ್ಬಿ ಜನ ಹೆಚ್ಚಾದರು. ಇದು ನನ್ನ ಮಾತಿನ ಮಹಿಮೆ ಎಂದುಕೊಂಡ ಮ್ಯೂಸಿಯಂ ಸಾಹೇಬರು, ಆ ವರ್ಷ ಜನಸೇವೆಗೆಂದು ನನಗೆ ಶಾಲು ಹೊದಿಸಲು ತೀರ್ಮಾನಿಸಿದರು. ನಾನೂ ಬೇಡವೆನ್ನಲಿಲ್ಲ. ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಹೊಸ ಸೀರೆಯನ್ನೂ ತಂದೆ.

ಸಭೆ ವೀರಗಲ್ಲಿನ ಪಕ್ಕದಲ್ಲೇ ನಡೆಯಿತು. "ಹಳ್ಳಿ ಜನಾನ ಇಲ್ಲಿಗೆ ಕರೆತಂದೋರು ನಮ್ಮ ಟೀಚರಮ್ಮ," ಎಂದು ಸಾಹೇಬರು ಶಾಲು ಬಿಡಿಸಿದರು. ಹಿಂದಿನ ಸಾಲಿನಲ್ಲಿದ್ದ ಚೌಡಮ್ಮ ನನ್ನನ್ನೇ ನೋಡುತ್ತಿದ್ದಳು. ಗೋಡೆಗೊರಗಿ ನಿಂತ ಮುನಿಯಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ನಿಜ ಹೇಳಿದರೆ ಅವನ ಅನ್ನಕ್ಕೆ ಕಲ್ಲು. ಹೇಳದಿದ್ದರೆ ಅವನ ಶಾಲು ನನ್ನ ಹೆಗಲಿಗೆ. ನನಗೆ ತಡೆಯಲಾಗಲಿಲ್ಲ.

"ಸಾರ್, ಇವ್ರು ಬರೋದು ನನ್ನ ಮಾತು ಕೇಳೋಕಲ್ಲ. ಮುನಿಯಪ್ಪನ್ನ ನಂಬ್ಕೊಂಡು."

"ಮುನಿಯಪ್ಪ ಏನ್ ಮಾಡ್ದ?"

ಚೌಡಮ್ಮ ಎದ್ದು ನಿಂತಳು. "ನಮ್ಮಜ್ಜಂಗೆ ನೀರು ಹುಯ್ಯೋನು ಅವ್ನೇ ಸೋಮಿ."

ಸಾಹೇಬರು ಕಲ್ಲಿನ ಹತ್ತಿರ ಹೋಗಿ ವೀರನ ಕತ್ತಿಯ ಸಂದಿಯಲ್ಲಿ ಬೆರಳಾಡಿಸಿದರು. ಬೆರಳ ತುದಿ ಹಳದಿಯಾಯಿತು. ಮುನಿಯಪ್ಪನ ಕೆಲಸ ಕಳೆದೆನಲ್ಲ ಎಂದುಕೊಂಡೆ. ಸಾಹೇಬರು ಬೆರಳನ್ನು ನೋಡಿ, ಹಿಂದಿನ ಸಾಲಿನಲ್ಲಿದ್ದ ಹಳ್ಳಿಯವರತ್ತ ತಿರುಗಿ ನೋಡಿದರು.

"ಮುನಿಯಪ್ಪ, ಸಂದೀಲಿ ಸರಿಯಾಗಿ ಒರೆಸಿಲ್ಲ. ಇನ್ಮೇಲೆ ಬಾಗಿಲು ತೆಗೆಯೋಷ್ಟರಲ್ಲಿ ಪೂರ್ತಿ ಒರೆಸಿರ್ಬೇಕು," ಎಂದವರೇ ಶಾಲನ್ನು ಅವನ ಹೆಗಲಿಗೆ ಹೊದಿಸಿದರು. ಅವನು ಅದರ ಅಂಚಿನಲ್ಲೇ ಕಣ್ಣೊರೆಸಿಕೊಂಡ.

ಮುಂದಿನ ಭಾನುವಾರ ಬೇಕೆಂದೇ ಬೇಗ ಹೋದೆ. ಅದೇ ಬಿಸಿಲು, ಅದೇ ಮರುಗ. ಚೌಡಮ್ಮ ಅರಿಶಿನದ ಬಟ್ಟಲು ಚಾಚಿ, "ನೀನೂ ಹಚ್ಚವ್ವ," ಎಂದಳು. ಎರಡು ವರ್ಷ ಆ ಕಲ್ಲಿನ ಬಗ್ಗೆ ಭಾಷಣ ಬಿಗಿದವಳಿಗೆ, ಅದು ಅಷ್ಟು ತಣ್ಣಗಿರುತ್ತದೆಂದು ಗೊತ್ತಾದದ್ದು ಅಂದೇ. ಶಾಲು ನನಗೆ ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ನುಸಿ ತಿಂದಿರುತ್ತಿತ್ತು. ಆ ತಂಪು ಇನ್ನೂ ನನ್ನ ಬೆರಳಲ್ಲಿದೆ.