ಭೂಗೋಳದ ಪುಸ್ತಕದ ಮೇಲಿನ ಹೆಂಗಸು

ಅಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಫಿಟ್ಟರ್. ಎಪ್ಪತ್ತರ ದಶಕದ ಒಂದು ಜೂನ್‌ನಲ್ಲಿ ಅವರ ಕಾರ್ಖಾನೆಗೆ ಫ್ರಾನ್ಸಿನಿಂದ ಮೆಷಿನ್ ಬಂತು. ಪೆಟ್ಟಿಗೆಯೊಳಗೆ ತುರುಕಿದ್ದ ಅಲ್ಲಿನ ಪತ್ರಿಕೆಗಳನ್ನು ಅಪ್ಪ ನನ್ನ ಪುಸ್ತಕಗಳಿಗೆ ಬೈಂಡ್ ಹಾಕಲೆಂದು ಮನೆಗೆ ತಂದರು.

ಭೂಗೋಳದ ಪುಸ್ತಕದ ಮೇಲೆ ಒಬ್ಬ ಹೆಂಗಸು ಬಂದಳು. ಗಾಳಿಯಲ್ಲಿದ್ದಳು, ಬಾಯಿ ತೆರೆದಿತ್ತು, ಚಾಚಿದ ತೋಳು ಮಣಿಕಟ್ಟಿನ ಹತ್ತಿರ ಪುಸ್ತಕದ ಅಂಚಿಗೆ ಮುಗಿದುಹೋಗಿತ್ತು. ಹಿಂದೆ ನೂರಾರು ಮುಖಗಳು ಅವಳನ್ನೇ ನೋಡುತ್ತಿದ್ದವು. ಯಾರೋ ಅವಳನ್ನು ಮಹಡಿಯಿಂದ ತಳ್ಳಿದ್ದಾರೆ, ಇವರೆಲ್ಲ ಸುಮ್ಮನೆ ನೋಡುತ್ತಾ ಕೂತಿದ್ದಾರೆ ಎಂದೇ ಅಂದುಕೊಂಡೆ. ಇಡೀ ವರ್ಷ ಆ ಪುಸ್ತಕವನ್ನು ಮಗುಚಿಯೇ ಇಟ್ಟೆ. ಭೂಗೋಳದಲ್ಲಿ ಫೇಲಾಗದಿದ್ದದ್ದೇ ಹೆಚ್ಚು.

ಪರೀಕ್ಷೆ ಮುಗಿದ ಮೇಲೆ ಪುಸ್ತಕವನ್ನು ತಂಗಿಗೆ ಕೊಡಲು ಬೈಂಡ್ ಬಿಚ್ಚಿದೆ. ಒಳಮಡಿಕೆಯಲ್ಲಿ ಅವಳ ಕೈ ಇತ್ತು, ಕೈಯಲ್ಲಿ ಚೆಂಡಿತ್ತು.

ಅಪ್ಪ ಆ ಹಾಳೆಯನ್ನು ಮೆಷಿನ್ ನೋಡಲು ಬಂದಿದ್ದ ಫ್ರೆಂಚ್ ಎಂಜಿನಿಯರಿಗೆ ತೋರಿಸಿಕೊಂಡು ಬಂದರು.

"ಹ್ಯಾಂಡ್‌ಬಾಲ್ ಅಂತೆ ಕಣೇ. ಅವರ ದೇಶದ ಟೀಮಲ್ಲಿ ಆಡ್ತಿದ್ಲಂತೆ. ಅವಳನ್ನ ನೋಡಕ್ಕೇ ಜನ ಸ್ಟೇಡಿಯಂ ತುಂಬ್ತಿದ್ರಂತೆ. ಇದು ಕೊನೇ ಮ್ಯಾಚು. ಈ ಗೋಲ್ ಹೊಡೆದು ಆಟ ನಿಲ್ಲಿಸ್ಬಿಟ್ಲಂತೆ."

"ಯಾಕೆ?"

"ಅದನ್ನೆಲ್ಲ ಕೇಳಕ್ಕಾಗತ್ತೇನೇ?"

ಅವಳು ಬೀಳುತ್ತಿರಲಿಲ್ಲ, ಚೆಂಡು ಎಸೆಯಲು ಹಾರಿದ್ದಳು. ಆ ಜನ ಅವಳನ್ನು ಬೀಳ್ಕೊಡಲು ಬಂದವರು. ಹಾಳೆಯನ್ನು ಹಾಸಿಗೆಯ ಕೆಳಗಿಟ್ಟೆ, ಇಸ್ತ್ರಿ ಪೆಟ್ಟಿಗೆ ಒತ್ತಿದೆ. ಮಡಿಕೆ ಹೋಗಲಿಲ್ಲ. ಆ ಬಿಳಿ ಗೆರೆ ಈಗಲೂ ಇದೆ, ಅವಳ ಮಣಿಕಟ್ಟಿಗೆ ಸರಿಯಾಗಿ, ಚೆಂಡು ಹಿಡಿದ ಕೈಯನ್ನು ತೋಳಿನಿಂದ ಬೇರೆ ಮಾಡಿಕೊಂಡು. ಬೈಂಡ್ ನೀಟಾಗಿ ಕೂರಲೆಂದು ಅದನ್ನು ಉಗುರಿನಿಂದ ಗೀರಿ ಗೀರಿ ಮಡಿಸಿದವಳು ನಾನೇ.